ಸವೆಯದ ವಿಷ

ರಾತ್ರಿ ಊಟ ಮುಗಿದು, ರೇಡಿಯೋದ ವಾರ್ತೆ ಕೇಳುತ್ತ ಕುಳಿತಿರುವ ಹೊತ್ತು. ಊರಿನಿಂದ ಫೋನು ಬರುತ್ತದೆ. “ಅಣ್ಣ, ಗದ್ದೆತಾವ ತಮ್ಮಂಗೆ ಹುಳ ಮುಟ್ಟೈತೆ. ಏನ್ ಮಾಡಾದು?” ನಮ್ಮ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತಾರೆ. ಕಚ್ಚಿತು ಎನ್ನದೆ ಮುಟ್ಟಿತು ಎನ್ನುತ್ತಾರೆ. ಪೇಟೆಗೆ ಬಂದು ನೆಲಸಿದ ನಮ್ಮಲ್ಲಿ ಬಹುಮಂದಿಗೆ ಹಳ್ಳಿಯಲ್ಲಿ ಇನ್ನೂ ಒಂದು ಮನೆ, ನಾಲ್ಕು ಕುಂಟೆ ಜಮೀನು, ಅದನ್ನು ನೋಡಿಕೊಳ್ಳುವ ದಾಯಾದಿಗಳು ಇದ್ದೇ ಇದ್ದಾರೆ. ಓದಿಕೊಂಡವನೆಂದು ನಮ್ಮನ್ನು ಕೇಳುತ್ತಾರೆ. ಆಗ ನಾವು ಕೊಡುವ ಉತ್ತರದ ಮೇಲೆ ಒಂದು ಜೀವ ನಿಂತಿರುತ್ತದೆ. ಆ ಉತ್ತರ ಸರಿಯಾಗಿರಬೇಕಾದರೆ, ವಿಷವೆಂಬುದು ಮೈಯೊಳಗೆ ಹೊಕ್ಕ ಮೇಲೆ ಯಾವ ರೀತಿಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ನಾವು ಸ್ವಲ್ಪವಾದರೂ ಅರಿತಿರಬೇಕು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಮದ್ದೂರಿಗೆ ಮೊದಲು ಸಿಗುವ ಊರು ನಿಡಘಟ್ಟ. ಆ ಕಡೆಯ ಹೊಲಗದ್ದೆಗಳನ್ನು ಬಸ್ಸಿನ ಕಿಟಕಿಯಿಂದ ನೋಡದವರು ಯಾರು? ಕಬ್ಬು, ಭತ್ತ, ರಾಗಿ, ತೆಂಗು. ಕಾಳು ಇರುವ ಕಡೆ ಇಲಿ. ಇಲಿ ಇರುವ ಕಡೆ ಹಾವು. ರೈತನಿಗೆ ಅತಿ ಹೆಚ್ಚಿನ ಅಪಾಯ ತರುವ ಹಾವುಗಳಲ್ಲಿ ಒಂದು ಕೊಳಕುಮಂಡಲ. ದಪ್ಪನೆಯ ಕಂದು ಮೈ, ಬೆನ್ನ ಮೇಲೆ ಸರಪಳಿಯ ಕೊಂಡಿಗಳಂತೆ ಮೂರು ಸಾಲು ಕಪ್ಪು ಮಚ್ಚೆ, ಕೆಣಕಿದರೆ ಕುಕ್ಕರಿನ ಸೀಟಿಯಂತೆ ಬುಸುಗುಟ್ಟುವ ಸದ್ದು. ಮದರಾಸು ಪ್ರಾಂತದಲ್ಲಿ ನೌಕರಿಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರು ಕೋರಮಂಡಲ ಕರಾವಳಿಯ ಹಾವುಗಳನ್ನು ಕುರಿತು ೧೭೯೬ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರ ಹೆಸರಿನಿಂದಲೇ ಇಂಗ್ಲಿಷಿನವರು ಈ ಹಾವನ್ನು ಕರೆಯುತ್ತಾರೆ.

ಈ ಹಾವು ಒಮ್ಮೆ ಕಚ್ಚಿದಾಗ ಮೈಯೊಳಕ್ಕೆ ಇಳಿಸುವ ವಿಷವೆಷ್ಟು? ಅಳೆದು ನೋಡಿದವರು ಹೇಳುವ ಸರಾಸರಿ ಲೆಕ್ಕ ೬೩ ಮಿಲಿಗ್ರಾಂ. ಇದನ್ನು ನಮ್ಮ ಮನೆಯ ತೂಕದಲ್ಲಿ ಹೇಳುವುದಾದರೆ, ಒಂದು ರಾಗಿ ಕಾಳು ಎರಡೂವರೆ ಮೂರು ಮಿಲಿಗ್ರಾಂ ತೂಗುತ್ತದೆ. ಅಂದರೆ ಇಪ್ಪತ್ತು ಇಪ್ಪತ್ತೈದು ರಾಗಿ ಕಾಳಿನ ತೂಕದ ವಿಷ. ಅರವತ್ತು ಕಿಲೋ ತೂಗುವ, ಗುದ್ದಲಿ ಹಿಡಿದು ದಿನವಿಡೀ ದುಡಿಯುವ ಆಳನ್ನು ಅಷ್ಟು ಸಣ್ಣ ವಸ್ತು ಉರುಳಿಸಿಬಿಡುತ್ತದೆ. ಅಷ್ಟೇ ತೂಕದ ಉಪ್ಪನ್ನೋ ಸಕ್ಕರೆಯನ್ನೋ ನೆತ್ತರಿಗೆ ಸೇರಿಸಿದರೆ ಏನೂ ಆಗುವುದಿಲ್ಲ. ಹಾಗಾದರೆ ಈ ವಿಷದ ಬಲ ಎಲ್ಲಿದೆ?

ಉತ್ತರ ರಸಾಯನಶಾಸ್ತ್ರದ ಒಂದು ಮಾತಿನಲ್ಲಿದೆ. ಇಂಥ ವಿಷಗಳು ವೇಗವರ್ಧಕಗಳು. ೧೮೩೫ರಲ್ಲಿ ಸ್ವೀಡನ್ ದೇಶದ ಬರ್ಜೀಲಿಯಸ್ ಎಂಬ ರಸಾಯನ ವಿಜ್ಞಾನಿ ಒಂದು ಸಂಗತಿಗೆ ಹೆಸರು ಕೊಟ್ಟರು. ಕೆಲವು ವಸ್ತುಗಳು ತಮ್ಮ ಸಾನ್ನಿಧ್ಯದಿಂದಲೇ ಬೇರೆ ವಸ್ತುಗಳಲ್ಲಿ ರಾಸಾಯನಿಕ ಬದಲಾವಣೆಯನ್ನು ಚುರುಕುಗೊಳಿಸುತ್ತವೆ. ಕೆಲಸ ಮುಗಿದ ಮೇಲೆ ನೋಡಿದರೆ ತಾವು ಮಾತ್ರ ಇದ್ದಂತೆಯೇ ಇರುತ್ತವೆ. ಈ ಕ್ರಿಯೆಗೆ ಅವರು ಕ್ಯಾಟಲಿಸಿಸ್ ಎಂದರು. ನಾವು ವೇಗವರ್ಧನೆ ಎನ್ನುತ್ತೇವೆ.

ಇದನ್ನು ನಿಡಘಟ್ಟದ ಹೆಸರಿನಿಂದಲೇ ತಿಳಿಯಬಹುದು. ಆ ಹೆಸರಿನಲ್ಲಿ ಒಂದು ಘಟ್ಟವಿದೆಯಲ್ಲವೆ? ಒಂದು ವಸ್ತು ಇನ್ನೊಂದಾಗಿ ಮಾರ್ಪಡಬೇಕಾದರೆ ನಡುವೆ ಒಂದು ಘಟ್ಟವನ್ನು ಏರಿ ಇಳಿಯಬೇಕು. ಆಚೆಯ ಬಯಲು ತಗ್ಗಿನಲ್ಲೇ ಇದ್ದರೂ ಏರುವ ಶಕ್ತಿಯಿಲ್ಲದೆ ವಸ್ತು ಈಚೆಯೇ ನಿಂತಿರುತ್ತದೆ. ಬಿಸಿಮಾಡಿದರೆ ಶಕ್ತಿ ಬಂದು ಕೆಲವು ಅಣುಗಳು ಏರಿ ದಾಟುತ್ತವೆ. ವೇಗವರ್ಧಕ ಹಾಗೆ ಶಕ್ತಿ ಕೊಡುವುದಿಲ್ಲ. ಘಟ್ಟವನ್ನು ಸೀಳಿ ತಗ್ಗಾದ ದಾರಿಯೊಂದನ್ನು ತೆರೆಯುತ್ತದೆ. ಬೆಂಗಳೂರಿನಿಂದ ನಿಡಘಟ್ಟಕ್ಕೆ, ಅಲ್ಲಿಂದ ಮೈಸೂರಿಗೆ ಹೀಗೆ ಎರಡು ಭಾಗವಾಗಿ ಕಟ್ಟಿದ ಹೊಸ ಹೆದ್ದಾರಿ ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಆ ದಾರಿಯಲ್ಲಿ ಒಂದು ಬಂಡಿ ಹೋದರೆ ದಾರಿ ಮುಗಿದುಹೋಯಿತೆ? ಇಲ್ಲ. ಹಿಂದೆ ಬಂದದ್ದಕ್ಕೂ ಅದೇ ದಾರಿ, ಅದರ ಹಿಂದೆ ಬಂದದ್ದಕ್ಕೂ ಅದೇ. ವೇಗವರ್ಧಕವೂ ಹಾಗೆಯೇ. ಒಂದು ಅಣುವನ್ನು ದಾಟಿಸಿ, ಮರುಕ್ಷಣ ಇನ್ನೊಂದಕ್ಕೆ ಸಿದ್ಧವಾಗಿರುತ್ತದೆ.

ಜೀವಿಗಳ ಮೈಯಲ್ಲಿ ಈ ಕೆಲಸ ಮಾಡುವ ವಸ್ತುಗಳಿಗೆ ಕಿಣ್ವಗಳೆಂದು ಹೆಸರು. ಇವು ಬಹುಮಟ್ಟಿಗೆ ಪ್ರೋಟೀನುಗಳು, ಹಳೆಯ ಪಠ್ಯಪುಸ್ತಕಗಳ ಮಾತಿನಲ್ಲಿ ಸಸಾರಜನಕಗಳು. ಕಿಣ್ವಗಳನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಮಗುವಿಗೆ ಮಾಡುವ ರಾಗಿ ಸರಿಗೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ಬಳಸಿದರೆ ಅದು ತೆಳ್ಳಗೆ, ತುಸು ಸಿಹಿಯಾಗಿ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿರುತ್ತದೆ. ಇನ್ನು ಮಂಡ್ಯ ಜಿಲ್ಲೆಯವರಿಗೆ ಕಬ್ಬಿನ ಮಾತನ್ನು ಹೇಳಿಕೊಡಬೇಕೆ? ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಸ್ಥಾಪನೆಯಾದ ಕಾಲದಿಂದಲೂ ರೈತರ ಬಾಯಲ್ಲಿರುವ ಮಾತೊಂದೇ: ಕಡಿದ ಕಬ್ಬನ್ನು ಕಾಯಿಸಬಾರದು. ಕಡಿದು ಬಿಟ್ಟ ಕಬ್ಬಿನೊಳಗೆ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯ ಅಣುವನ್ನು ಎರಡಾಗಿ ಸೀಳುತ್ತಲೇ ಹೋಗುತ್ತದೆ. ಹರಳುಗಟ್ಟುವ ಸಕ್ಕರೆ ಕಡಿಮೆಯಾಗುತ್ತದೆ. ಅಂಥ ಹಳಸಿದ ಕಬ್ಬಿನ ರಸವನ್ನು ಆಲೆಮನೆಯಲ್ಲಿ ಕಾಯಿಸಿದರೆ ಬೆಲ್ಲ ಅಂಟಂಟಾಗುತ್ತದೆ, ಅಚ್ಚು ಕೂರುವುದಿಲ್ಲ. ಕೊಪ್ಪರಿಗೆಯಲ್ಲಿ ರಸ ಕುದಿ ಬಂದೊಡನೆ ಕಿಣ್ವದ ಆಟ ನಿಲ್ಲುತ್ತದೆ, ಏಕೆಂದರೆ ಬಿಸಿಗೆ ಪ್ರೋಟೀನು ಕೆಡುತ್ತದೆ. ಆದರೆ ಆವರೆಗೆ ಸೀಳಿಹೋದ ಸಕ್ಕರೆ ಮತ್ತೆ ಕೂಡುವುದಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಕಿಣ್ವವನ್ನು ನಿಲ್ಲಿಸಬಹುದು, ಅದು ಆಗಲೇ ಮಾಡಿ ಮುಗಿಸಿದ ಕೆಲಸವನ್ನು ಹಿಂದಕ್ಕೆ ತಿರುಗಿಸಲಾಗದು. ಮುಂದೆ ಹೇಳುವುದೆಲ್ಲ ಇದನ್ನೇ ಆಧರಿಸಿದೆ.

ಕಿಣ್ವ ಕೆಲಸಮಾಡಲು ಅದನ್ನು ಹುಟ್ಟಿಸಿದ ಜೀವಿ ಬದುಕಿರಬೇಕಾಗಿಲ್ಲ. ೧೮೯೭ರಲ್ಲಿ ಜರ್ಮನಿಯ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಒಂದು ಜೀವಕೋಶವೂ ಉಳಿಯದ ರಸವನ್ನು ತೆಗೆದರು. ಆ ರಸವೂ ಸಕ್ಕರೆಯನ್ನು ಹುಳಿಯಿಸಿತು. ಹಾವಿನ ವಿಷವೂ ಅಂಥದೇ. ಒಣಗಿಸಿ ಪುಡಿಮಾಡಿ ಶೀಶೆಯಲ್ಲಿ ಇಟ್ಟ ವಿಷ ವರ್ಷಗಟ್ಟಲೆ ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ. ಹಾವಿನ ವಿಷವೆಂದರೆ ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ಮಂಡಲದ ವಿಷದಲ್ಲಿ ಅವುಗಳ ಪೈಕಿ ಬಹುಪಾಲು ಕಿಣ್ವಗಳು. ಮೈಸೂರಿನ ಮಾನಸ ಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಹಲವು ದಶಕಗಳಿಂದ ಇವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಅಧ್ಯಯನ ಮಾಡುತ್ತ ಬಂದಿದ್ದಾರೆ.

ಈಗ ಮಂಡಲ ಕಚ್ಚಿದವನ ನೆತ್ತರಿನೊಳಕ್ಕೆ ಹೋಗಿ ನೋಡೋಣ. ಗಾಯವಾದಾಗ ರಕ್ತ ಹೆಪ್ಪುಗಟ್ಟಿ ನಿಲ್ಲುವುದು ನಮಗೆಲ್ಲ ಗೊತ್ತು. ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಕರಗಿರುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಅದರ ತುದಿಗಳನ್ನು ಕತ್ತರಿಸಿದರೆ ಅದು ನೂಲಿನ ಎಳೆಯಾಗಿ ಹೆಣೆದುಕೊಂಡು ಬಲೆಯಾಗುತ್ತದೆ. ಆ ಬಲೆಯೇ ಹೆಪ್ಪು. ಆದರೆ ಥ್ರಾಂಬಿನ್ ಸದಾ ಎಚ್ಚರವಾಗಿದ್ದರೆ ಮೈಯ ನೆತ್ತರೆಲ್ಲ ಹೆಪ್ಪಾಗಬೇಕಾಗುತ್ತಿತ್ತು. ಅದಕ್ಕಾಗಿ ಪ್ರಕೃತಿ ಅದನ್ನು ಮಲಗಿಸಿಟ್ಟಿದೆ. ಅದನ್ನು ಎಬ್ಬಿಸಲು ‘ಹತ್ತನೆಯ ಘಟಕ’ವೆಂಬ ಇನ್ನೊಂದು ಕಿಣ್ವ ಬೇಕು, ಅದೂ ಮಲಗಿರುತ್ತದೆ. ಅದನ್ನು ಎಬ್ಬಿಸಲು ಬೇರೆ ಕೆಲವು. ಹೀಗೆ ಒಂದರ ಹಿಂದೊಂದು ಕಾವಲು.

ಕೊಳಕುಮಂಡಲದ ವಿಷದಲ್ಲಿ ಒಂದು ಕಿಣ್ವ ನೇರವಾಗಿ ಈ ಹತ್ತನೆಯ ಘಟಕದ ಬಳಿಗೆ ಹೋಗಿ, ಅದರ ಒಂದು ಗೊತ್ತಾದ ಕೊಂಡಿಯನ್ನು ಕತ್ತರಿಸಿ ಎಬ್ಬಿಸಿಬಿಡುತ್ತದೆ. ಇನ್ನೊಂದು ಕಿಣ್ವ ಅದರ ಸಹಾಯಕವಾದ ಐದನೆಯ ಘಟಕವನ್ನು ಎಬ್ಬಿಸುತ್ತದೆ. ಗಾಯವಿಲ್ಲ, ಕರೆಯಿಲ್ಲ, ಆದರೂ ಎದ್ದವರು ಸುಮ್ಮನಿರುತ್ತಾರೆಯೆ? ವಿಷದ ಒಂದು ಅಣು ಹತ್ತನೆಯ ಘಟಕದ ಅನೇಕ ಅಣುಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಒಂದೊಂದೂ ಅನೇಕ ಥ್ರಾಂಬಿನ್‌ಗಳನ್ನು ಎಬ್ಬಿಸುತ್ತದೆ. ಒಂದೊಂದು ಥ್ರಾಂಬಿನ್ನೂ ಅನೇಕ ಫೈಬ್ರಿನೋಜೆನ್‌ಗಳನ್ನು ಕತ್ತರಿಸುತ್ತದೆ. ವೇಗವರ್ಧಕವು ವೇಗವರ್ಧಕಗಳನ್ನು ಎಬ್ಬಿಸುತ್ತದೆ. ಬಡ್ಡಿಯ ಮೇಲೆ ಬಡ್ಡಿ ಬೆಳೆದಂತೆ.

ಪರಿಣಾಮ ವಿಚಿತ್ರವಾದುದು. ವಿಷ ನೆತ್ತರನ್ನು ಹೆಪ್ಪುಗಟ್ಟಿಸುವಂಥದು. ಆದರೆ ಕೊನೆಗೆ ರೋಗಿಯ ನೆತ್ತರು ಹೆಪ್ಪೇ ಗಟ್ಟುವುದಿಲ್ಲ. ಏಕೆಂದರೆ ಮೈಯ ಉದ್ದಗಲಕ್ಕೂ ಸಣ್ಣಸಣ್ಣ ಎಳೆಗಳಾಗಿ ಫೈಬ್ರಿನೋಜೆನ್ ಎಲ್ಲ ಖರ್ಚಾಗಿ, ಮೈ ಆ ಎಳೆಗಳನ್ನು ಕರಗಿಸಿ, ಕಣಜ ಬರಿದಾಗಿರುತ್ತದೆ. ಬೆಳೆದ ಆಳಿನ ರಕ್ತದಲ್ಲಿ ಸುಮಾರು ೯ ಗ್ರಾಂ ಫೈಬ್ರಿನೋಜೆನ್ ಇರುತ್ತದೆ. ಇಳಿದ ವಿಷ ೬೩ ಮಿಲಿಗ್ರಾಂ. ಲೆಕ್ಕ ಹಾಕಿ: ತನ್ನ ತೂಕದ ನೂರನಾಲ್ವತ್ತು ಪಟ್ಟು ವಸ್ತುವನ್ನು ಖಾಲಿ ಮಾಡಬಲ್ಲದು, ಅದೂ ಆ ವಿಷದಲ್ಲಿರುವ ಒಂದೆರಡು ಕಿಣ್ವಗಳು ಮಾತ್ರ. ಆಮೇಲೆ ಒಸಡಿನಲ್ಲಿ, ಕಚ್ಚಿದ ಜಾಗದಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಮೂತ್ರಪಿಂಡಗಳು ಕೆಡುತ್ತವೆ. ಇದರ ಜೊತೆಗೆ ಬೇರೆ ಕಿಣ್ವಗಳು ಕಚ್ಚಿದ ಜಾಗದ ಮಾಂಸವನ್ನೂ ರಕ್ತನಾಳಗಳ ಗೋಡೆಯನ್ನೂ ಜೀರ್ಣಮಾಡುತ್ತಿರುತ್ತವೆ.

ಎಲ್ಲ ವಿಷವೂ ಹೀಗೆಯೇ ಎಂದು ತಿಳಿಯಬಾರದು. ನಾಗರಹಾವಿನ ವಿಷದ ಮುಖ್ಯ ಭಾಗ ಬೇರೊಂದು ಬಗೆಯದು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟುವ ಜಾಗದಲ್ಲಿ ಬೀಗದಂಥ ರಚನೆಗಳಿವೆ. ಆ ಬೀಗದ ತೂತಿಗೆ ಮೇಣ ತುಂಬಿದಂತೆ ಈ ವಿಷ ಕುಳಿತುಬಿಡುತ್ತದೆ; ಒಂದು ಅಣುವಿಗೆ ಒಂದು ಬೀಗ, ಅಷ್ಟೇ. ಮೇಣ ಸವೆಯುತ್ತದೆ, ಕತ್ತರಿ ಸವೆಯುವುದಿಲ್ಲ. ವಿಷಗಳಲ್ಲಿ ಈ ಎರಡು ಜಾತಿ. ಕೆಲವು ಹಾವುಗಳಲ್ಲಿ ಎರಡೂ ಇರುತ್ತವೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವೇ ಗೊತ್ತಾಗದಂತೆ ಕಚ್ಚುವ ಕಟ್ಟುಹಾವಿನ ವಿಷದಲ್ಲಿ ಮೇಣವೂ ಇದೆ, ನರದ ತುದಿಯನ್ನೇ ಹಾಳುಮಾಡುವ ಕತ್ತರಿಯೂ ಇದೆ. ಆ ತುದಿ ಹಾಳಾದ ಮೇಲೆ ಮೈ ಅದನ್ನು ಮತ್ತೆ ಬೆಳೆಸುವವರೆಗೆ ಉಸಿರಾಟದ ಯಂತ್ರದ ಆಸರೆಯಲ್ಲಿ ದಿನಗಳನ್ನು ತಳ್ಳಬೇಕಾಗುತ್ತದೆ.

ಕತ್ತರಿಯ ಜಾತಿಯ ವಿಷ ಹಾವಿನ ಬಾಯಲ್ಲಿ ಮಾತ್ರ ಇಲ್ಲ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೂ ಇದೆ. ಹರಳು ಗಿಡವನ್ನು ಯಾರು ನೋಡಿಲ್ಲ? ಅದರ ಬೀಜದಲ್ಲಿ ರಿಸಿನ್ ಎಂಬ ವಿಷವಿದೆಯೆಂದು ೧೮೮೮ರಲ್ಲಿ ಸ್ಟಿಲ್‌ಮಾರ್ಕ್ ಎಂಬ ತರುಣ ಸಂಶೋಧಕ ತೋರಿಸಿದ. ಅದು ಕೆಲಸಮಾಡುವ ಬಗೆ ಮಾತ್ರ ಗೊತ್ತಾದುದು ನೂರು ವರ್ಷದ ಮೇಲೆ, ೧೯೮೭ರಲ್ಲಿ, ಜಪಾನಿನ ಎಂಡೋ ಮತ್ತು ತ್ಸುರುಗಿ ಅವರಿಂದ. ಜೀವಕೋಶದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆಗಳು ಲಕ್ಷಗಟ್ಟಲೆ ಇವೆ. ರಿಸಿನ್ ಒಂದೊಂದರಿಂದಲೂ ಒಂದೇ ಒಂದು ತುಣುಕನ್ನು, ಯಂತ್ರದಿಂದ ಒಂದು ತಿರುಪನ್ನು ಕಳಚುವಂತೆ, ಕಳಚುತ್ತದೆ, ಕಾರ್ಖಾನೆ ನಿಲ್ಲುತ್ತದೆ. ಒಂದು ಅಣು ನಿಮಿಷಕ್ಕೆ ಸುಮಾರು ೧,೫೦೦ ಕಾರ್ಖಾನೆಗಳನ್ನು ಹೀಗೆ ಕೆಡಿಸಬಲ್ಲದು. ಅದೇ ವೇಗದಲ್ಲಿ ಒಂದು ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೊಂದು ಲಕ್ಷಕ್ಕೆ ಮೀರುತ್ತದೆ.

ಹಾಗಾದರೆ ಅಜ್ಜಿಯರು ತಲೆಗೆ ಒತ್ತುತ್ತಿದ್ದ, ಮಕ್ಕಳಿಗೆ ಕುಡಿಸುತ್ತಿದ್ದ ಹರಳೆಣ್ಣೆ? ಅದಕ್ಕೆ ಹೆದರಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಚೆನ್ನಾಗಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆಯುತ್ತಿದ್ದರು. ರಿಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಸಾಕಷ್ಟು ಬಿಸಿಯಾದರೆ, ಕೊಪ್ಪರಿಗೆಯಲ್ಲಿ ಕಬ್ಬಿನ ಕಿಣ್ವ ಕೆಟ್ಟಂತೆ, ಅದೂ ಕೆಡುತ್ತದೆ. ಕಾರಣ ತಿಳಿಯದೆಯೂ ಹಿರಿಯರ ಕೈ ಸರಿಯಾದ ದಾರಿಯನ್ನೇ ಹಿಡಿದಿತ್ತು. ಅಪಾಯವಿರುವುದು ಹಸಿ ಬೀಜದಲ್ಲಿ, ಬಿಸಿ ಕಾಣದ ಹಿಂಡಿಯಲ್ಲಿ. ಬಣ್ಣಬಣ್ಣದ ಆ ಬೀಜಗಳನ್ನು ಮಕ್ಕಳು ಆಟಕ್ಕೆ ತೆಗೆದುಕೊಂಡು ಅಗಿಯದಂತೆ ನೋಡಿಕೊಳ್ಳಬೇಕು. ಅಗಿದರೆಂದು ತಿಳಿದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಗೊಬ್ಬರಕ್ಕೆಂದು ತಂದ ಹರಳು ಹಿಂಡಿಯ ಚೀಲಕ್ಕೆ ದನ, ಕುರಿ, ನಾಯಿಗಳು ಬಾಯಿ ಹಾಕದ ಹಾಗೆ ಎತ್ತಿಡಬೇಕು.

ರೋಗಾಣುಗಳ ವಿಷದಲ್ಲೂ ಇದೇ ಕತೆ. ಗಂಟಲಮಾರಿ ರೋಗದ ವಿಷ ಜೀವಕೋಶದ ಪ್ರೋಟೀನು ತಯಾರಿಕೆಗೆ ಅವಶ್ಯವಾದ ಒಂದು ವಸ್ತುವನ್ನು ಒಂದೊಂದಾಗಿ ಕೆಡಿಸುತ್ತದೆ. ಆ ವಿಷದ ಕ್ರಿಯಾಶೀಲ ಭಾಗದ ಒಂದೇ ಒಂದು ಅಣು ಒಳಗೆ ಹೊಕ್ಕರೆ ಒಂದು ಜೀವಕೋಶ ಸಾಯುತ್ತದೆಂದು ೧೯೭೮ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಧನುರ್ವಾಯುವಿನ ವಿಷವೂ ಕತ್ತರಿಯೇ. ನರದ ತುದಿಯ ಒಂದು ಪ್ರೋಟೀನನ್ನು ಅದು ತುಂಡರಿಸುತ್ತದೆಂಬುದು ೧೯೯೨ರಲ್ಲಿ ತಿಳಿದುಬಂದಿತು. ಇಂಥ ವಿಷಕ್ಕೆ ಒಂದು ಅಣುವೂ ಹೆಚ್ಚೇ ಆದುದರಿಂದ, ಅದು ಕೆಲಸ ಆರಂಭಿಸುವ ಮೊದಲೇ ಹಿಡಿಯಬಲ್ಲ ಕಾವಲುಗಾರರು ರಕ್ತದಲ್ಲಿ ಸಿದ್ಧರಿರಬೇಕು. ಮಕ್ಕಳಿಗೆ ಲಸಿಕೆ ಹಾಕಿಸುವುದು ಇದಕ್ಕಾಗಿಯೇ.

ಹಾವಿನ ಕಡಿತಕ್ಕೆ ಅಂಥ ಲಸಿಕೆ ಇಲ್ಲ. ಕಚ್ಚಿದ ಮೇಲೆ ಕೊಡುವ ಪ್ರತಿವಿಷವುಂಟು. ೧೮೯೦ರ ದಶಕದಲ್ಲಿ ಫ್ರಾನ್ಸಿನ ಕಾಲ್ಮೆಟ್ ಮೊದಲಾದವರು ಹಾಕಿಕೊಟ್ಟ ದಾರಿ ಅದು. ಕುದುರೆಗೆ ಅದು ತಾಳುವಷ್ಟು ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಡುತ್ತ ಹೋದರೆ, ಅದರ ರಕ್ತದಲ್ಲಿ ವಿಷವನ್ನು ಹಿಡಿದುಕೊಳ್ಳುವ ಪ್ರೋಟೀನುಗಳು ಹುಟ್ಟುತ್ತವೆ. ಅವನ್ನು ತೆಗೆದು ಶುದ್ಧಿಮಾಡಿ ಸೂಜಿಮದ್ದಾಗಿಸುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಮದ್ದು. ಇದಕ್ಕೆ ಬೇಕಾದ ವಿಷದ ಬಹುಭಾಗವನ್ನು ಚೆನ್ನೈ ಬಳಿ ೧೯೭೮ರಲ್ಲಿ ಸ್ಥಾಪನೆಯಾದ ಇರುಳರ ಸಹಕಾರ ಸಂಘದವರು ಒದಗಿಸುತ್ತ ಬಂದಿದ್ದಾರೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ವ್ಯತ್ಯಾಸವಾಗುತ್ತದೆ. ಈ ಸಮಸ್ಯೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ.

ಪ್ರತಿವಿಷದ ಒಂದು ಶೀಶೆ ಕೊಳಕುಮಂಡಲದ ೬ ಮಿಲಿಗ್ರಾಂ ವಿಷವನ್ನು ಹಿಡಿಯಬಲ್ಲದು. ಇಳಿದಿರಬಹುದಾದ ವಿಷ ೬೩ ಮಿಲಿಗ್ರಾಂ. ಆದುದರಿಂದಲೇ ವೈದ್ಯರು ಮೊದಲಿಗೆ ಸಾಮಾನ್ಯವಾಗಿ ಹತ್ತು ಶೀಶೆ ಕೊಡುತ್ತಾರೆ. ಇಷ್ಟೊಂದು ಏಕೆಂದು ಬೆರಗಾಗಬೇಕಾಗಿಲ್ಲ. ಮಗುವಿಗೂ ದೊಡ್ಡವರಷ್ಟೇ ಕೊಡುತ್ತಾರೆ, ಏಕೆಂದರೆ ಮಗುವೆಂದು ಹಾವು ಕಡಿಮೆ ವಿಷ ಇಳಿಸುವುದಿಲ್ಲ. ಹಿಡಿಯಬೇಕಾದ ಕತ್ತರಿಗಳ ಸಂಖ್ಯೆ ಎರಡು ಕಡೆಯೂ ಅಷ್ಟೇ.

ಆದರೆ ಪ್ರತಿವಿಷ ಮಾಡುವುದಿಷ್ಟೇ: ಕತ್ತರಿಯ ಬಾಯಿಯನ್ನು ಹಿಡಿದು ನಿಲ್ಲಿಸುತ್ತದೆ. ಕತ್ತರಿಸಿಹೋದುದನ್ನು ಹೊಲಿಯುವುದಿಲ್ಲ. ಖರ್ಚಾದ ಫೈಬ್ರಿನೋಜೆನನ್ನು ಮೈಯ ಪಿತ್ತಜನಕಾಂಗವೇ ಹೊಸದಾಗಿ ತಯಾರಿಸಿಕೊಳ್ಳಬೇಕು. ಅದಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಮೂತ್ರಪಿಂಡ ಕೆಟ್ಟಿದ್ದರೆ ಡಯಾಲಿಸಿಸ್ ಬೇಕಾದೀತು. ಕೊಳೆತ ಮಾಂಸ ಮರಳಿ ಬರುವುದಿಲ್ಲ. ಮೊದಲ ಗಂಟೆಯಲ್ಲಿ ಕೊಟ್ಟ ಅದೇ ಹತ್ತು ಶೀಶೆ ಉಳಿಸುವಷ್ಟನ್ನು ಆರನೆಯ ಗಂಟೆಯಲ್ಲಿ ಕೊಟ್ಟರೆ ಉಳಿಸಲಾರದು. ವಿಷ ಸವೆಯುವಂಥದಾಗಿದ್ದರೆ ಅದರ ಅಳತೆ ಮಿಲಿಗ್ರಾಂನಲ್ಲಿ ಮುಗಿಯುತ್ತಿತ್ತು. ಸವೆಯದ ವಿಷಕ್ಕೆ ಗಡಿಯಾರವೂ ಒಂದು ಅಳತೆ.

ಆಸ್ಪತ್ರೆಯಲ್ಲಿ ವೈದ್ಯರು ಮಾಡುವ ಒಂದು ಸಣ್ಣ ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ತಿಳಿಯದೆ ರೋಗಿಯ ಕಡೆಯವರು ಎಷ್ಟೋ ಸಲ ಸಿಡಿಮಿಡಿಗೊಳ್ಳುವುದುಂಟು. ರೋಗಿಯ ಎರಡು ಮಿಲಿಲೀಟರ್ ರಕ್ತವನ್ನು ಹೊಸದಾದ, ಒಣಗಿದ ಗಾಜಿನ ಕೊಳವೆಯಲ್ಲಿ ತೆಗೆದು, ಅಲುಗಿಸದೆ ಇಪ್ಪತ್ತು ನಿಮಿಷ ಇಡುತ್ತಾರೆ. ಆಮೇಲೆ ಬಗ್ಗಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ನಿಂತಿದ್ದರೆ ಒಂದು ಅರ್ಥ. ನೀರಿನಂತೆ ಹರಿದರೆ ಮಂಡಲದ ವಿಷ ತನ್ನ ಕೆಲಸ ಮಾಡಿದೆಯೆಂದು ಅರ್ಥ. ಕೊಳವೆ ಗಾಜಿನದೇ ಆಗಿರಬೇಕು, ಏಕೆಂದರೆ ಗಾಜಿನ ಮೈ ಸೋಕಿದರೆ ಸಹಜವಾದ ರಕ್ತ ಹೆಪ್ಪುಗಟ್ಟಲು ಆರಂಭಿಸುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಆ ಗುಣವಿಲ್ಲ. ಕೋಟಿ ರೂಪಾಯಿಯ ಯಂತ್ರವಿಲ್ಲದ ಕಡೆಯೂ ಈ ಪರೀಕ್ಷೆ ನಡೆಯುತ್ತದೆ. ಪ್ರತಿವಿಷ ಕೊಟ್ಟು ಆರು ಗಂಟೆಯಾದ ಮೇಲೆ ಮತ್ತೆ ಮಾಡುತ್ತಾರೆ. ಸುಮ್ಮನೆ ಕೊಳವೆ ನೋಡುತ್ತ ಕುಳಿತಿದ್ದಾರೆಂದು ಯಾರೂ ಬೇಸರಪಡಬಾರದು.

ಈ ತಿಳಿವಳಿಕೆಯ ಬೆಳಕಿನಲ್ಲಿ ನಮ್ಮ ಹಳೆಯ ಉಪಚಾರಗಳನ್ನು ಒಂದೊಂದಾಗಿ ನೋಡಬಹುದು. ಕಚ್ಚಿದ ಜಾಗದ ಮೇಲೆ ಹಗ್ಗದಿಂದ ಬಿಗಿದು ಕಟ್ಟುವುದು: ಮಾಂಸವನ್ನು ಜೀರ್ಣಮಾಡುವ ಕಿಣ್ವಗಳನ್ನು ಒಂದೇ ಕಡೆ ಕೂಡಿಹಾಕಿ, ಆ ಅಂಗಕ್ಕೆ ನೆತ್ತರೂ ಹೋಗದಂತೆ ಮಾಡಿದ ಹಾಗಾಗುತ್ತದೆ, ಕೈಯನ್ನೋ ಕಾಲನ್ನೋ ಕಳೆದುಕೊಳ್ಳುವುದು ಹೀಗೆ. ಬ್ಲೇಡಿನಿಂದ ಕೊಯ್ಯುವುದು: ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತಿರುವ ನೆತ್ತರಿಗೆ ಹೊಸ ಬಾಗಿಲು ತೆರೆದಂತೆ. ಬಾಯಿಂದ ಹೀರುವುದು: ಆಳಕ್ಕೆ ಇಳಿದ ವಿಷ ಹೀರಿದರೆ ಬರುವುದಿಲ್ಲ. ಇನ್ನು ಮಂತ್ರ, ಬೇರು, ನಾರು. ಇವುಗಳಿಂದ ಬದುಕಿದವರನ್ನು ಕಂಡಿದ್ದೇವೆಂದು ಊರಿನವರು ಹೇಳಿದರೆ ಅದು ಸುಳ್ಳಲ್ಲ. ಕಚ್ಚಿದ ಹಾವುಗಳಲ್ಲಿ ವಿಷವಿಲ್ಲದವೇ ಬಹಳ; ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಕಚ್ಚುವುದುಂಟು. ಅವರು ಹೇಗೂ ಬದುಕುವವರೇ. ವಿಷ ನಿಜವಾಗಿ ಇಳಿದವನಿಗೆ ಮಾತ್ರ, ಅಲ್ಲಿ ಕಳೆದ ಪ್ರತಿ ಗಳಿಗೆಯೂ ಕತ್ತರಿಗೆ ಸಿಕ್ಕ ಬಿಡುವು. ಇಬ್ಬರಲ್ಲಿ ಇವನು ಯಾರೆಂಬುದನ್ನು ಹೇಳುವುದು ಗಾಜಿನ ಕೊಳವೆ, ಊಹೆಯಲ್ಲ.

ಇದೇ ವಿಷದ ಇನ್ನೊಂದು ಮುಖವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಕುಸುಮರೋಗ, ಅಂದರೆ ಹಿಮೋಫಿಲಿಯಾ, ಇರುವವರಲ್ಲಿ ಹತ್ತನೆಯ ಘಟಕವನ್ನು ಎಬ್ಬಿಸುವ ಸರಪಳಿಯ ಒಂದು ಕೊಂಡಿಯೇ ಇರುವುದಿಲ್ಲ. ಗಾಯವಾದರೆ ರಕ್ತ ನಿಲ್ಲದು. ೧೯೩೪ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಕೊಳಕುಮಂಡಲದ ವಿಷವನ್ನು ಬಹಳ ತೆಳುವಾಗಿ ಕರಗಿಸಿ ಅಂಥ ಗಾಯಗಳ ಮೇಲೆ ಹಚ್ಚಿ ನೋಡಿದರು. ರಕ್ತ ನಿಂತಿತು. ಮುರಿದ ಸೇತುವೆಯನ್ನು ಬಿಟ್ಟು ವಿಷ ನೇರವಾಗಿ ಆಚೆಯ ದಡದಲ್ಲೇ ಕೆಲಸ ಆರಂಭಿಸಿತ್ತು. ಆ ಮದ್ದು ಕೆಲವು ಕಾಲ ಮಾರಾಟದಲ್ಲೂ ಇತ್ತು. ಈಗಲೂ ಪ್ರಯೋಗಶಾಲೆಗಳಲ್ಲಿ ರಕ್ತದ ಒಂದು ಬಗೆಯ ದೋಷವನ್ನು ಕಂಡುಹಿಡಿಯುವ ಪರೀಕ್ಷೆಗೆ ಈ ವಿಷವನ್ನೇ ಬಳಸುತ್ತಾರೆ. ಕತ್ತರಿ ದರ್ಜಿಯ ಕೈಯಲ್ಲಿದ್ದರೆ ಒಂದು ಬಗೆ, ಕಳ್ಳನ ಕೈಯಲ್ಲಿದ್ದರೆ ಇನ್ನೊಂದು.

೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು ೧೨ ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ ೫೮,೦೦೦. ಹೆಚ್ಚಿನವರು ಹಳ್ಳಿಯವರು, ದುಡಿಯುವ ವಯಸ್ಸಿನವರು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಉಪೇಕ್ಷೆಗೊಳಗಾದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತದ ಪ್ರತಿಯೊಂದು ಪ್ರಸಂಗವನ್ನೂ ವರದಿಮಾಡಲೇಬೇಕೆಂದು ಗೊತ್ತುಪಡಿಸಿತು. ಮರುತಿಂಗಳು ಕೇಂದ್ರ ಸರ್ಕಾರ ೨೦೩೦ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಹೊರಡಿಸಿತು. ಸರ್ಕಾರ ಮದ್ದನ್ನು ಆಸ್ಪತ್ರೆಯಲ್ಲಿ ಇಡಬಹುದು. ಗದ್ದೆಯಿಂದ ಆಸ್ಪತ್ರೆಯವರೆಗಿನ ದಾರಿಯನ್ನು ಮನೆಯವರೇ ಕ್ರಮಿಸಬೇಕು.

ಆದುದರಿಂದ ಆ ಫೋನು ಬಂದಾಗ ಹೇಳಬೇಕಾದ ಮಾತು ಚಿಕ್ಕದು. “ಗಾಬರಿಯಾಗಬೇಡ. ತಮ್ಮನನ್ನು ನಡೆಸಬೇಡ, ಮಲಗಿಸು. ಉಂಗುರ, ಉಡಿದಾರ, ಗಡಿಯಾರ ಏನಿದ್ದರೂ ಬಿಚ್ಚು; ಆಮೇಲೆ ಊದಿಕೊಳ್ಳುತ್ತದೆ. ಮುರಿದ ಕಾಲಿಗೆ ಕಟ್ಟುವಂತೆ ಒಂದು ದಬ್ಬೆ ಇಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟು, ಕಾಲು ಅಲ್ಲಾಡಬಾರದು. ಬಿಗಿಯಬೇಡ, ಕೊಯ್ಯಬೇಡ. ಹಾವನ್ನು ಹುಡುಕಿಕೊಂಡು ಹೋಗಬೇಡ. ೧೦೮ಕ್ಕೆ ಕರೆಮಾಡು, ಅದು ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ಮದ್ದೂರಿನ ಸರ್ಕಾರಿ ಆಸ್ಪತ್ರೆಗೆ ಹೊರಡು. ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನು ಮರೆಯದೆ ಡಾಕ್ಟರಿಗೆ ಹೇಳು.”

ತಮ್ಮ ಬಹುಶಃ ನಗುತ್ತಲೇ ಇರುತ್ತಾನೆ. “ನಂಗೇನೂ ಆಗಿಲ್ಲ, ಬೆಳಿಗ್ಗೆ ನೋಡಾಣ” ಎನ್ನು‌ತ್ತಾನೆ. ಮೊದಲ ಗಂಟೆಯಲ್ಲಿ ಎಷ್ಟೋ ಜನಕ್ಕೆ ಹಾಗೆಯೇ ಅನ್ನಿಸುತ್ತದೆ. ಕಣಜದಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅದಕ್ಕಾಗಿ. ಅವನ ಮಾತನ್ನು ಕೇಳದೆ ಗಾಡಿಗೆ ಹತ್ತಿಸಿ.